ಒಂದು ಅಮಾವಾಸ್ಯೆ, ಎರಡು ಶಾವಿಗೆ

ನನ್ನ ತಂಗಿಯ ಮಗ ಕೊರಿಯಾದಿಂದ ತಂದುಕೊಟ್ಟ ಚಹಾವನ್ನು ನಾನು ಹಾಲು, ಶುಂಠಿ, ಸಕ್ಕರೆ ಹಾಕಿ ಕುದಿಸಿಬಿಟ್ಟೆ. ಮೂರು ಕುದಿ ಬಂದರೂ ಬಣ್ಣ ಬಿಡಲಿಲ್ಲ. ಇನ್ನೆರಡು ಚಮಚ ಸುರಿದೆ. ನಮ್ಮ ಯಜಮಾನರು ಒಂದು ಗುಟುಕು ಕುಡಿದು, “ಇದೇನು, ಗರಿಕೆ ಕಷಾಯವೋ?” ಅಂದರು. ಲೋಟ ಸಿಂಕಿಗೆ ಹೋಯಿತು. ವಾರದ ಮೇಲೆ ಹುಡುಗ ಫೋನ್ ಮಾಡಿ, “ದೊಡ್ಡಮ್ಮ, ಟೀ ಹೇಗಿತ್ತು?” ಅಂತ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಅವನು ಕಂಪನಿ ಕೆಲಸದ ಮೇಲೆ ಅಲ್ಲಿದ್ದಾಗ ವಸಂತದಲ್ಲಿ ನಾಲ್ಕು ದಿನ ರಜೆ ಹಾಕಿ, ಊಟ ಮತ್ತು ಚಹಾಕ್ಕೆಂದೇ ದಕ್ಷಿಣದ ಹಳ್ಳಿಗಳನ್ನು ಸುತ್ತಿದ್ದನಂತೆ. ಆ ಎಲೆ ಹಾದೊಂಗ್ ಅನ್ನುವ ಸೀಮೆಯದು. ಚೀನಾದಿಂದ ತಂದ ಚಹಾ ಬೀಜವನ್ನು ಕ್ರಿ.ಶ. 828ರಲ್ಲಿ ಜಿರಿಸಾನ್ ಬೆಟ್ಟದಲ್ಲಿ ಬಿತ್ತಿದರೆಂದು ಅವರ ಹಳೆಯ ಚರಿತ್ರೆ ಹೇಳುತ್ತದೆ. ಅಲ್ಲಿಯ ಚಹಾ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಪಾರಂಪರಿಕ ಕೃಷಿ ಎಂದು ಗುರುತಿಸಿದೆ. ನಾನು ಸಿಂಕಿಗೆ ಸುರಿದದ್ದು ಅದರಲ್ಲೂ ಮೇಲಾದ ‘ಊಜನ್’. ಏಪ್ರಿಲ್ 20ರ ಸುಮಾರಿಗೆ ಅವರ ‘ಗೋಗು’, ಅಂದರೆ ಧಾನ್ಯದ ಮಳೆಯ ದಿನ, ಬರುತ್ತದೆ. ಅದಕ್ಕೂ ಮೊದಲು ಕಿತ್ತ ಚಿಗುರು ಮಾತ್ರ ಊಜನ್. ಕುದಿದ ನೀರನ್ನು 60-70 ಡಿಗ್ರಿಗೆ ಆರಿಸಿ ಎಲೆ ಹಾಕಬೇಕು, ಹಾಲು ಮುಟ್ಟಿಸಬಾರದು. ನಮ್ಮ ಲೆಕ್ಕದಲ್ಲಿ ಆಗ ಅಶ್ವಿನಿ ಮಳೆ. ಅಶ್ವಿನಿ ಮಳೆಗೆ ಮುಂಚೆ ಕಿತ್ತದ್ದು ಅಂತ ಹೇಳಿಕೊಟ್ಟಿದ್ದರೆ ನನಗೂ ಮರ್ಯಾದೆ ಗೊತ್ತಾಗುತ್ತಿತ್ತು.

ಕೊನೆಗೆ ಹುಡುಗ ಒಂದು ಮಾತು ಕೇಳಿದ: “ನಿಮ್ಮ ಹೈದರಾಬಾದಿನ ಸುತ್ತ ಹೀಗೆ ಹೋಗಿ ಉಂಡು ಬರೋ ಹಳ್ಳಿಗಳಿಲ್ವಾ ದೊಡ್ಡಮ್ಮ?” ನಾನು ಅರಸೀಕೆರೆಯವಳು. ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಗೆ ಬಂದು ಹದಿನಾರು ವರ್ಷವಾಗಿತ್ತು. ಮನೆಯಿಂದ ಕಾಚಿಗುಡ ಸ್ಟೇಷನ್ನು, ಅಲ್ಲಿಂದ ಊರು, ಮತ್ತೆ ಮನೆ. ನನ್ನ ಬಳಿ ಉತ್ತರವಿರಲಿಲ್ಲ. 2023ರಿಂದ ಮೂರು ವಸಂತ ಹುಡುಕಿದ ಮೇಲೆ ಈಗ ಇದೆ. ಹುಡುಕುವಾಗ ಮಾಡಿದ ತಪ್ಪುಗಳೂ ಇವೆ, ಅವನ್ನೇ ಮೊದಲು ಹೇಳುತ್ತೇನೆ.

ಕೂಕಟ್‌ಪಲ್ಲಿಯಲ್ಲಿ ಕೂತರೆ ಋತು ಗೊತ್ತಾಗುವುದಿಲ್ಲ. ಜನವರಿಯಲ್ಲೂ ಮಾವು, ಮೇ ತಿಂಗಳಲ್ಲೂ ಮೆಂತ್ಯ ಸೊಪ್ಪು. ಫೋನ್ ಒತ್ತಿದ ಹತ್ತು ನಿಮಿಷಕ್ಕೆ ಬಾಗಿಲಿಗೆ. ಒಂದೇ ಒಂದು ಸರಕು ಈ ಶಿಸ್ತಿಗೆ ಬಗ್ಗಿಲ್ಲ. ರೈತು ಬಜಾರಿನ ಹೊರಗೆ ಮಾರ್ಚ್ ತಿಂಗಳಲ್ಲಿ ಕೆಲವು ಹೆಂಗಸರು ಒದ್ದೆ ಬಟ್ಟೆಯ ಮೇಲೆ ‘ಚಿಂತಚಿಗುರು’ ಹರವಿಕೊಂಡು ಕೂರುತ್ತಾರೆ. ಹುಣಸೆ ಮರದ ಎಳೆ ಚಿಗುರು, ನಸುಗೆಂಪು, ನಾಲಿಗೆಗೆ ಹುಳಿ. ಕಾಲು ಕಿಲೋ ಕೇಳಿದರೆ ಮಟನ್ ಅಂಗಡಿಯ ರೇಟು ನೆನಪಾಗುತ್ತದೆ. ಹಾಗಾಗಿ ಹದಿನಾರು ವರ್ಷ ಬರೀ ನೋಡಿಕೊಂಡು ಮುಂದೆ ಹೋಗಿದ್ದೆ. ಆ ಸಲ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಫ್ರಿಜ್ಜಿಗಿಟ್ಟೆ. ಮೂರನೇ ದಿನ ತೆಗೆದರೆ ಕಪ್ಪು ಮುದ್ದೆ. ಕೆಳಗಿನ ಫ್ಲ್ಯಾಟಿನ ಭಾಲ್ಕಿಯ ಅಕ್ಕ ನೋಡಿ ನಕ್ಕರು. “ಚಿಗುರು ಇಟ್ಟುಕೊಳ್ಳೋದಲ್ರೀ ತಂಗಿ. ತಂದ ದಿನಾನೇ ಉಣ್ಣಬೇಕು. ಅಂಗೈಯಾಗ ತಿಕ್ಕಿ, ಕಡ್ಡಿ ತೆಗದು, ತೊಗರಿಬ್ಯಾಳ್ಯಾಗ ಹಾಕಬೇಕು. ನಮ್ಮ ಕಡಿ ಬರ್ರಿ, ತೋರಸ್ತೀನಿ.”

ಅವರ ಕಡೆ ಅಂದರೆ ಬೀದರ್ ಜಿಲ್ಲೆ. ಮಿಯಾಪುರ ದಾಟಿ, ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್ ಹಿಡಿದು ಬೀದರಿಗೆ 125 ಕಿಲೋಮೀಟರಿನ ಆಸುಪಾಸು. ರೈಲಾದರೆ ಲಿಂಗಂಪಲ್ಲಿಯಲ್ಲಿ ಹತ್ತಿ ವಿಕಾರಾಬಾದಿನ ಮೇಲೆ ಹೋಗಬಹುದು. ಅರಸೀಕೆರೆಗಿಂತ ಎಷ್ಟೋ ಹತ್ತಿರದ ಕರ್ನಾಟಕ ಅದು. ನನಗೆ ಅದು ಯಾವತ್ತೂ ಊರಿನ ದಾರಿಯಾಗಿರಲಿಲ್ಲ, ಅಷ್ಟೆ.

2023ರ ಯುಗಾದಿ ಮಾರ್ಚ್ 22, ಬುಧವಾರ ಬಂತು. ನಾವು ಹೊರಟದ್ದು ಶನಿವಾರ, 25ಕ್ಕೆ, ಗಂಡ ಹೆಂಡತಿ ಇಬ್ಬರೇ. ಅಕ್ಕ ತವರಿಗೆ ಮೊದಲೇ ಹೋಗಿದ್ದರು. ನಾನು ಒಂದು ಪಟ್ಟಿ ಮಾಡಿದ್ದೆ: ಜಹೀರಾಬಾದಿನ ಹಳ್ಳಿಗಳಲ್ಲಿ ಕಾಡು ಸೊಪ್ಪು, ಬೀದರಿನಲ್ಲಿ ಇರಾನಿ ಚಾ, ಭಾಲ್ಕಿಯಲ್ಲಿ ಯುಗಾದಿ ಅಡುಗೆ. ಸಂಜೆ ಮನೆ ಸೇರುವ ಹೊತ್ತಿಗೆ ಪಟ್ಟಿಯಲ್ಲಿದ್ದ ಒಂದೂ ಬಾಯಿಗೆ ಬಿದ್ದಿರಲಿಲ್ಲ.

ಸೊಪ್ಪಿನ ಆಸೆ ಹುಟ್ಟಿದ್ದು ಪತ್ರಿಕೆ ಓದಿ. ನಾವು ಹೊರಡುವುದಕ್ಕೆ ಆರು ದಿನ ಮೊದಲು, ಮಾರ್ಚ್ 19ರಂದು ಪಿ.ವಿ. ಸತೀಶ್ ತೀರಿಕೊಂಡಿದ್ದರು. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದು, ಆಮೇಲೆ ಜಹೀರಾಬಾದಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದವರು. ಅಲ್ಲಿಯ ಸಂಘದ ಹೆಂಗಸರು ಜೋಳ, ನವಣೆ, ಸಜ್ಜೆಯ ಬೀಜಗಳನ್ನು ಮನೆಯಲ್ಲೇ ಉಳಿಸಿಕೊಂಡವರು, ಮಾಚನೂರಿನಲ್ಲಿ 2008ರಿಂದ ತಮ್ಮದೇ ‘ಸಂಘಂ ರೇಡಿಯೋ’ ನಡೆಸಿದವರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಬಿತ್ತದೇ ಹೊಲದಲ್ಲಿ ತಾನೇ ಬೆಳೆಯುವ ಸೊಪ್ಪುಗಳನ್ನು ಕಳೆ ಅನ್ನಬೇಡಿ, ಅದು ಬಡವರ ಊಟ ಅಂತ ಆ ಹೆಂಗಸರು ಹೇಳುತ್ತಾ ಬಂದಿದ್ದಾರೆ.

ಹೆದ್ದಾರಿ ಬಿಟ್ಟು ಒಂದು ಹಳ್ಳಿಯೊಳಗೆ ಹೋಗಿ, ಜಗಲಿಯ ಮೇಲೆ ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದ ಅಜ್ಜಿಯನ್ನು ನನ್ನ ಮುರುಕು ತೆಲುಗಿನಲ್ಲಿ ಕೇಳಿದೆ: ತುಮ್ಮಿಕೂರ ಇದೆಯೇ? ನಮ್ಮ ತುಂಬೆ ಸೊಪ್ಪು. ಅಜ್ಜಿ ನನ್ನ ಮುಖ ನೋಡಿ, ಕನ್ನಡದಲ್ಲೇ ಉತ್ತರ ಕೊಟ್ಟರು: “ಅದು ಮಳಿ ಬಿದ್ದ ಮ್ಯಾಲ ಬರೋದವ್ವ. ಈಗ ಹೊಲದಾಗ ಏನದ, ಬರೇ ಮಣ್ಣು.” ಸುತ್ತ ನೋಡಿದೆ. ಜೋಳ ಕೊಯ್ದಾಗಿತ್ತು, ಕಡಲೆ ಕಿತ್ತಾಗಿತ್ತು. ದೂರದಲ್ಲಿ ಮುತ್ತುಗದ ಮರವೊಂದು ಎಲೆಯಿಲ್ಲದೆ ಕೆಂಪಗೆ ಉರಿಯುತ್ತಿತ್ತು. ವಸಂತ ಅಂದರೆ ಸೊಪ್ಪು ಅನ್ನುವುದು ಹಿಮ ಕರಗುವ ಕೊರಿಯಾದ ಮಾತು. ಅಲ್ಲಿ ಆ ಕಾಲಕ್ಕೆ ಬೆಟ್ಟದ ಸೊಪ್ಪು ನೆಲದಿಂದ ಏಳುತ್ತದೆ. ನಮ್ಮ ದಖನ್ನಿನಲ್ಲಿ ನೆಲ ಒಣಗಿದಾಗ ಚಿಗುರುವುದು ಮರ: ಹುಣಸೆ ಚಿಗುರು, ಬೇವಿನ ಹೂ, ಮಾವಿನ ಮಿಡಿ. ತಲೆ ಎತ್ತಿ ನೋಡಬೇಕಾದಲ್ಲಿ ನಾನು ನೆಲ ನೋಡುತ್ತಿದ್ದೆ.

ಅಜ್ಜಿಗೆ ಕನ್ನಡ ಹೇಗೆ ಬಂತು ಅಂತ ಆಶ್ಚರ್ಯಪಟ್ಟದ್ದೂ ನನ್ನ ಅಜ್ಞಾನವೇ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳು ಬೇರೆಯಾದಾಗ ಮೇದಕ್ ಜಿಲ್ಲೆಗೆ ಹೋದವು. ಗೆರೆ ಎಳೆದರೆ ನಾಲಿಗೆ ಬದಲಾಗುವುದಿಲ್ಲ.

“ಚಾ ಕುಡದು ಹೋಗ್ರಿ” ಅಂದರು ಅಜ್ಜಿ. ನಾನು ಗಡಿಯಾರ ನೋಡಿಕೊಂಡು, “ಬೇಡಮ್ಮ, ಲೇಟಾಗುತ್ತೆ, ಬೀದರಿನಲ್ಲಿ ಕುಡೀತೀವಿ” ಅಂದೆ. ಅವರ ಮುಖ ಸಣ್ಣದಾಯಿತು. ಅದು ಆ ದಿನದ ದೊಡ್ಡ ತಪ್ಪು ಅಂತ ತಿಳಿಯುವುದಕ್ಕೆ ಎರಡು ಗಂಟೆ ಬೇಕಾಯಿತು.

ಬೀದರಿನ ಹಳೇ ಪಟ್ಟಣದಲ್ಲಿ, 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಿಕೊಂಡು ಚೌಬಾರದ ಕಡೆ ಬಂದರೆ, ನಾವು ಹುಡುಕಿದ ಚಾ ಹೋಟೆಲುಗಳ ಬಾಗಿಲು ಮುಚ್ಚಿತ್ತು, ಒಂದೆರಡಕ್ಕೆ ಪರದೆ ಎಳೆದಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಬೀಗ ಹಾಕುತ್ತಿದ್ದ ಒಬ್ಬರನ್ನು ಕೇಳಿದೆ. “ಹಗಲ ಚಾ ಎಲ್ಲಿಂದ ಸಿಗ್ತದ್ರೀ ಅಮ್ಮ, ನಿನ್ನಿಯಿಂದ ರೋಜಾ ಸುರು ಆಗ್ಯಾವ.” ಹಿಂದಿನ ದಿನ, ಮಾರ್ಚ್ 24ಕ್ಕೆ, ರಂಜಾನ್ ಉಪವಾಸ ಆರಂಭವಾಗಿತ್ತು. ಕೂಕಟ್‌ಪಲ್ಲಿಯಲ್ಲಿ ರಂಜಾನಿನ ಹಲೀಮ್ ಬೋರ್ಡುಗಳನ್ನು ನೋಡಿಕೊಂಡೇ ಬಂದಿದ್ದೆ. ಹಲೀಮ್ ಇದೆ ಅಂದರೆ ಹಗಲು ಚಾ ಇಲ್ಲ ಅನ್ನುವ ಸಣ್ಣ ಲೆಕ್ಕ ಹೊಳೆಯಲಿಲ್ಲ.

ಆ ಬೀಗದವರೇ ದಾರಿ ತೋರಿಸಿದರು: “ಝೀರಾಕ್ಕ ಹೋಗ್ರಿ, ಅಲ್ಲಿ ಲಂಗರ್ ಇರ್ತದ.” ಗುರುನಾನಕ್ ಝೀರಾ ಸಿಖ್ಖರ ಗುರುದ್ವಾರ, ಜಂಬಿಟ್ಟಿಗೆ ಕಲ್ಲಿನ ಗುಡ್ಡದಡಿ ಸಿಹಿನೀರು ಜಿನುಗುವ ಜಾಗ. ಗುರುನಾನಕರು ಇಲ್ಲಿಗೆ ಬಂದಾಗ ಆ ನೀರು ಹೊರಟಿತೆಂದು ನಂಬಿಕೆ. ಖಾಲ್ಸಾದ ಮೊದಲ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೇ. ತಲೆಗೆ ಬಟ್ಟೆ ಕಟ್ಟಿಕೊಂಡು ಲಂಗರಿನ, ಅಂದರೆ ಎಲ್ಲರಿಗೂ ಬಡಿಸುವ ಊಟದ, ಪಂಕ್ತಿಯಲ್ಲಿ ಕೂತೆವು. ರೊಟ್ಟಿ, ಬೇಳೆ, ಆಮೇಲೆ ಸ್ಟೀಲ್ ಲೋಟದಲ್ಲಿ ಚಾ. ನಾನು ಹುಡುಕಿ ಬಂದದ್ದು ಇರಾನಿ ಚಾ: ಡಿಕಾಕ್ಷನ್ನನ್ನು ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಇಟ್ಟು, ಹಾಲನ್ನು ಬೇರೆಯೇ ಕಾಯಿಸಿ ಗಟ್ಟಿ ಮಾಡಿ, ಕಪ್ಪಿನಲ್ಲಿ ಎರಡನ್ನೂ ಕೂಡಿಸುವ ಚಾ. ಸಿಕ್ಕಿದ್ದು ದೊಡ್ಡ ಕೊಳಗದಲ್ಲಿ ಎಲ್ಲವನ್ನೂ ಒಟ್ಟಿಗೆ ಕುದಿಸಿದ ಲಂಗರಿನ ಚಾ. ಬಾಯಾರಿದ ಆ ಹೊತ್ತಿಗೆ ಅದಕ್ಕೆ ಸಮನಾದದ್ದು ಇರಲಿಲ್ಲ. ಕುಡಿಯುತ್ತಾ ಜಹೀರಾಬಾದಿನ ಅಜ್ಜಿ ನೆನಪಾದರು. ಕೇಳದೆ ಕೊಟ್ಟದ್ದನ್ನು ಬಿಟ್ಟು, ಇಲ್ಲದ್ದನ್ನು ಹುಡುಕಿಕೊಂಡು ಬಂದಿದ್ದೆ.

ಭಾಲ್ಕಿ ಆ ಸಲ ತಪ್ಪಿಯೇ ಹೋಯಿತು. ಬಿಸಿಲಿಗೆ ಯಜಮಾನರಿಗೆ ತಲೆಸುತ್ತು ಬಂದು ಹಿಂದಿರುಗಿದೆವು. ದಾರಿಯಲ್ಲಿ ಹೆದ್ದಾರಿ ಹೋಟೆಲೊಂದರಲ್ಲಿ, “ಇಲ್ಲಿಯದೇ ಏನಾದರೂ ಸ್ಪೆಷಲ್ ಇದೆಯಾ?” ಅಂತ ಕೇಳಿದೆ. ಪನೀರ್ ಬಟರ್ ಮಸಾಲಾ ತಂದಿಟ್ಟರು.

ಅಕ್ಕನಿಗೆ ಈ ಕಥೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸ್ಪೆಷಲ್ ಏನದ ಅಂತ ಕೇಳಿದ್ರ ಪನೀರೇ ಸಿಗ್ತದ. ದಿನಾ ಉಣ್ಣೋದಕ್ಕ ಯಾರರೆ ಸ್ಪೆಷಲ್ ಅಂತಾರೇನ್ರಿ? ನೀವು ಇವತ್ತ ಏನ್ ಉಂಡ್ರಿ ಅಂತ ಕೇಳಬೇಕು.” ಅಂದಿನಿಂದ ನಾನು ಅದನ್ನೇ ಕೇಳುತ್ತೇನೆ. ಈ ಒಂದು ಪ್ರಶ್ನೆಗೆ ಸಿಕ್ಕಷ್ಟು ಊಟ ಯಾವ ಪಟ್ಟಿಯಿಂದಲೂ ಸಿಕ್ಕಿಲ್ಲ.

2024ರಲ್ಲಿ ಅಕ್ಕನ ಜೊತೆಗೇ ಹೊರಟೆ. ಯುಗಾದಿ ಏಪ್ರಿಲ್ 9ಕ್ಕೆ, ರಂಜಾನ್ ಹಬ್ಬ 11ಕ್ಕೆ. ಎರಡೂ ವಾರದ ಮಧ್ಯೆ. ಯಜಮಾನರಿಗೆ ರಜೆಯಿಲ್ಲದ ಕಾರಣ ಹಬ್ಬಕ್ಕೆ ಮುಂಚಿನ ಶನಿವಾರ ಹೋಗಿ ಭಾನುವಾರ ಬರುವುದೆಂದಾಯಿತು. ಹಬ್ಬ ಕೈತಪ್ಪಿತು ಅಂತ ಗೊಣಗುತ್ತಲೇ ಹೋದೆ. ಹೋದ ಮೇಲೆ ತಿಳಿಯಿತು, ಹಬ್ಬದ ಕೆಲಸವೆಲ್ಲ ನಡೆಯುವುದು ಹಬ್ಬಕ್ಕೆ ಮುಂಚೆ.

ಅಕ್ಕನ ತವರು ಭಾಲ್ಕಿಯ ಸಮೀಪದ ಹಳ್ಳಿ. ಆ ಬಿಸಿಲನ್ನು ನಾನು ಬೈಯುತ್ತಿದ್ದರೆ, ಆ ಮನೆಯವರು ಅದನ್ನು ದುಡಿಸಿಕೊಳ್ಳುತ್ತಿದ್ದರು. ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳ, ವರ್ಷದ ಖಾರದ ಪುಡಿಗೆ ಮೆಣಸಿನಕಾಯಿ, ಹುಣಸೆಹಣ್ಣು, ಎಲ್ಲವೂ ಒಣಗುತ್ತಿದ್ದವು. ಪಡಸಾಲೆಯಲ್ಲಿ ನಾಲ್ಕು ಮನೆಯ ಹೆಂಗಸರು ಕೂಡಿ ಶಾವಿಗೆ ಮಾಡುತ್ತಿದ್ದರು. ನಾದಿ ನೆನೆಸಿಟ್ಟ ಗೋಧಿ ಹಿಟ್ಟನ್ನು ಹೊರಸಿನ ಅಂಚಿಗೆ ಬಿಗಿದ ಕೈಮಿಷನ್ನಿಗೆ ಒಬ್ಬರು ತುಂಬುವುದು, ಒಬ್ಬರು ತಿರುಗಿಸುವುದು, ಇಳಿಯುವ ಎಳೆಯನ್ನು ಇನ್ನೊಬ್ಬರು ಹಿಡಿದು ಕೋಲಿನ ಮೇಲೆ ಹಾಕುವುದು. ನಾನು ಹಿಡಿದ ಎಳೆಗಳೆಲ್ಲ ಗಂಟಾದವು. ಅವನ್ನು ಬೇರೆ ತಟ್ಟೆಗೆ ಹಾಕಿ, “ಇದು ನಿಮ್ಮ ಪಾಲು” ಅಂದರು ಅಕ್ಕನ ಅವ್ವ. ಒಣಗಿದ ಶಾವಿಗೆಯನ್ನು ಎರಡು ಡಬ್ಬಿಗೆ ತುಂಬಿ ಒಂದನ್ನು ಬಾಗಿಲ ಬಳಿ ಇಟ್ಟರು. ಅದು ಯಾರಿಗೆ ಅಂತ ಕೇಳಿದೆ. “ಬೀದರಿಗೆ ಹೋಗ್ತದ” ಅಂದರು, ಅಷ್ಟೆ.

ಮಧ್ಯಾಹ್ನ ಏನು ಉಂಡಿರಿ ಅಂತ ಕೇಳಿದ್ದಕ್ಕೆ ಜೋಳದ ರೊಟ್ಟಿ, ಹುಣಸೆ ಚಿಗುರು ಹಾಕಿದ ಬೇಳೆ, ಕುಸುಬೆ ಎಣ್ಣೆ ಬಿಟ್ಟ ಹಿಂಡಿ ಸಿಕ್ಕಿತು. ಚಿಗುರು ಹಿತ್ತಲ ಮರದ್ದು, ಕಿತ್ತು ಒಂದು ಗಂಟೆಯಾಗಿರಲಿಲ್ಲ. ಕೂಕಟ್‌ಪಲ್ಲಿಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡಿದ್ದನ್ನು ಇಲ್ಲಿ ಸೆರಗಿನ ಲೆಕ್ಕದಲ್ಲಿ ತಂದರು. ಹುಣಸೆಹಣ್ಣಿನ ಹುಳಿ ಹಲ್ಲಿಗೆ ತಾಗುತ್ತದೆ, ಚಿಗುರಿನ ಹುಳಿ ನಾಲಿಗೆಯ ತುದಿಯಲ್ಲಿ ನಿಂತು ಹೋಗಿಬಿಡುತ್ತದೆ.

ಊಟಕ್ಕೆ ಮೊದಲು ಒಂದು ಚಾ, ಊಟವಾಗಿ ಅರ್ಧ ಗಂಟೆಗೆ ಒಂದು ಚಾ, ನೋಡಲು ಬಂದ ಪ್ರತಿ ಮನೆಯವರ ಜೊತೆ ಒಂದು ಚಾ. ಯಜಮಾನರಿಗೆ ಸಕ್ಕರೆ ಕಾಯಿಲೆ. ಮೂರನೆಯದಕ್ಕೆ ಕೈ ಅಡ್ಡ ಹಿಡಿದರು. ಜಹೀರಾಬಾದಿನ ಅಜ್ಜಿಯ ಮುಖ ನೆನಪಾಗಿ ನಾನು ಹೆದರಿದೆ. ಅಕ್ಕ ಉಪಾಯ ಹೇಳಿಕೊಟ್ಟರು: “ಬ್ಯಾಡ ಅನಬ್ಯಾಡ್ರಿ. ಫೀಕಾ ಕೊಡ್ರಿ, ಅರ್ಧ ಕೊಡ್ರಿ ಅನ್ರಿ.” ಸಕ್ಕರೆಯಿಲ್ಲದ ಅರ್ಧ ಲೋಟ. ಆ ಕಡೆ ಚಾ ಬರೀ ಕುಡಿಯುವ ವಸ್ತುವಲ್ಲ, ಕೂತುಕೊಳ್ಳಿ ಅನ್ನುವುದಕ್ಕೆ ಇರುವ ಮಾತು. ಚಾ ಬೇಡವೆಂದರೆ ಕೂರುವುದಿಲ್ಲ ಅಂತ ಅರ್ಥ.

ಮನೆಗೆ ಬಂದು ಪಂಚಾಂಗ ಹಿಡಿದು ಕೂತೆ. ಎರಡು ವರ್ಷ ಯುಗಾದಿಯೂ ರಂಜಾನೂ ಹೀಗೆ ಕಾಲಿಗೆ ಕಾಲು ತೊಡರಿಕೊಂಡು ಬಂದದ್ದು ಹೇಗೆ? ಲೆಕ್ಕ ಸರಳ. ನಮ್ಮ ತಿಂಗಳು ಅಮಾವಾಸ್ಯೆಯ ಮರುದಿನ ಆರಂಭ, ಮುಸ್ಲಿಮರದು ಅದೇ ಅಮಾವಾಸ್ಯೆ ಕಳೆದು ಬೆಳ್ಳಿಗೆರೆಯ ಚಂದ್ರ ಕಂಡಾಗ. ಅವರ ವರ್ಷ ಪ್ರತಿ ಸಲ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ನಾವು ಎರಡು ಮೂರು ವರ್ಷಕ್ಕೊಂದು ಅಧಿಕ ಮಾಸ ಸೇರಿಸಿ ಋತುವಿನ ಜೊತೆ ನಿಲ್ಲುತ್ತೇವೆ. 2023ರಲ್ಲಿ ನಮ್ಮ ಚೈತ್ರ ಅವರ ರಂಜಾನ್ ತಿಂಗಳಿಗೆ ಜೋಡಿಯಾಗಿತ್ತು. ಆ ವರ್ಷ ಅಧಿಕ ಶ್ರಾವಣ ಬಂದು ಒಂದು ತಿಂಗಳು ಸರಿಯಿತು. 2024ರ ಚೈತ್ರ ಅವರ ಶವ್ವಾಲಿಗೆ ಜೋಡಿಯಾಯಿತು. ಶವ್ವಾಲಿನ ಮೊದಲ ದಿನವೇ ಈದ್. ಹಾಗಾದರೆ ಮುಂದಿನ ಅಧಿಕ ಮಾಸ ಬರುವವರೆಗೆ, 2025ರಲ್ಲೂ, ಎರಡೂ ಕೂಡಿಯೇ ಬರಬೇಕು. ಕ್ಯಾಲೆಂಡರ್ ತೆಗೆದೆ: ಯುಗಾದಿ ಮಾರ್ಚ್ 30, ಭಾನುವಾರ. ಯಜಮಾನರ ಕೈಯಲ್ಲಿ ಆರು ತಿಂಗಳ ಮೊದಲೇ ಸೋಮವಾರಕ್ಕೆ ರಜೆ ಬರೆಸಿದೆ.

ಆ ಯುಗಾದಿಯ ಬೆಳಿಗ್ಗೆ ಅಕ್ಕನ ತವರಿನಲ್ಲಿ ಎಣ್ಣೆ ನೀರು ಮುಗಿಸಿ ಬಂದವಳು, ಅವರ ಅವ್ವನ ಮುಂದೆ ಅಂಗೈ ಚಾಚಿ ನಿಂತೆ. ನಮ್ಮ ಕಡೆ ಬೇವು ಬೆಲ್ಲ ಅಂದರೆ ಒಂದು ಚಿಟಿಕೆ, ಅಂಗೈಗೆ ಹಾಕುತ್ತಾರೆ, ಕಣ್ಣು ಮುಚ್ಚಿ ನುಂಗುತ್ತೇವೆ. ಅವರು ಕೈ ನೋಡಿ ನಕ್ಕು, ಹೊಸ ಮಡಕೆಯಿಂದ ಒಂದು ಲೋಟ ತುಂಬಿ ಕೊಟ್ಟರು. ಅಲ್ಲಿ ಬೇವು ಕುಡಿಯುವುದು! ಹುಣಸೆಹಣ್ಣಿನ ನೀರು, ಬೆಲ್ಲ, ಮಾವಿನಕಾಯಿಯ ತುರಿ, ಪುಟಾಣಿ ಹಿಟ್ಟು, ಉತ್ತತ್ತಿ, ದ್ರಾಕ್ಷಿ, ಗೋಡಂಬಿ, ಮೇಲೆ ತೇಲುವ ಬೇವಿನ ಹೂ. ಕಹಿ ಎಲ್ಲೋ ಕೊನೆಗೆ, ಗಂಟಲು ದಾಟುವಾಗ. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯುಗಾದಿ ಪಚ್ಚಡಿಯನ್ನು ಕಾಗದದ ಕಪ್ಪಿನಲ್ಲಿ ಕೊಟ್ಟಾಗ, ಇದೇನು ಇಷ್ಟು ನೀರು ಅಂತ ಮೂಗು ಮುರಿಯುತ್ತಿದ್ದೆ. ಮೂಗು ಮುರಿದದ್ದು ನನ್ನ ಅಂಗೈ ಅಳತೆಯನ್ನು ಇಡೀ ಲೋಕಕ್ಕೆ ಹಿಡಿದು ಅಂತ ಆ ಲೋಟ ಮುಗಿಸುವಾಗ ತಿಳಿಯಿತು. ಹೋಳಿಗೆಯ ಜೊತೆ ಹಾಲು ಬೆಲ್ಲದ ಶಾವಿಗೆಯನ್ನೂ ಬಡಿಸಿದರು.

ಸಂಜೆ ಎಲ್ಲರೂ ಮಾಳಿಗೆ ಹತ್ತಿದರು. ಅಕ್ಕನ ಅಪ್ಪನಿಗೆ ಎಂಬತ್ತು ದಾಟಿದೆ, ಆದರೂ ಹತ್ತಿದರು. ಯುಗಾದಿ ಚಂದ್ರನ ದರ್ಶನ ಮಾಡದೆ ಅವರು ವರ್ಷ ಆರಂಭಿಸಿದವರಲ್ಲ. ಪಡುವಣದಲ್ಲಿ ಕೆಂಪು ಆರುವವರೆಗೆ ಏನೂ ಕಾಣಲಿಲ್ಲ. ಮೊದಲು ಕಂಡದ್ದು ಮೊಮ್ಮಗಳಿಗೆ: ಉಗುರು ಕತ್ತರಿಸಿ ಎಸೆದಂಥ ಒಂದು ಗೆರೆ. ಅಜ್ಜ ಕೈ ಮುಗಿದರು. ಸ್ವಲ್ಪ ಹೊತ್ತಿಗೆ ಊರ ಆಚೆಯ ಮಸೀದಿಯ ಮೈಕಿನಿಂದ, ಚಾಂದ್ ಕಂಡಿದೆ, ನಾಳೆ ಈದ್ ಎಂಬ ಸುದ್ದಿ ಬಂತು. ಎರಡು ಮಾಳಿಗೆಯವರು ನೋಡುತ್ತಿದ್ದದ್ದು ಒಂದೇ ಗೆರೆ. “ತೊಂಬತ್ತೆರಡು ತೊಂಬತ್ತಮೂರರಾಗೂ ಹಿಂಗೇ ಬಂದಿತ್ತು” ಅಂದರು ಅಜ್ಜ.

ಮರುದಿನ ಬೆಳಿಗ್ಗೆ ಬೀದರ್. ಅಜ್ಜ ಜೋಳ, ತೊಗರಿ ಮಾರುತ್ತಿದ್ದ ಕಾಲದಿಂದ ಸ್ನೇಹವಿರುವ ಅಡತಿ ಅಂಗಡಿಯವರ ಮನೆ, ಹಳೇ ಪಟ್ಟಣದ ಗಲ್ಲಿಯಲ್ಲಿ. ಆ ಮನೆಯ ಭಾಭಿ ಬಟ್ಟಲಲ್ಲಿ ಶೀರ್ ಖುರ್ಮಾ ತಂದಿಟ್ಟರು. ಹಾಲು, ಉತ್ತತ್ತಿ, ಗೋಡಂಬಿ, ತುಪ್ಪದಲ್ಲಿ ಹುರಿದ ಶಾವಿಗೆ. ಒಂದು ಚಮಚ ಬಾಯಿಗಿಟ್ಟವಳು ಅಕ್ಕನ ಅವ್ವನ ಕಡೆ ತಿರುಗಿದೆ. ಅವರು ಕಣ್ಣಲ್ಲೇ ಹೌದೆಂದರು. ಹೋದ ವರ್ಷ ಬಾಗಿಲ ಬಳಿ ಇಟ್ಟಿದ್ದಂಥದೇ ಡಬ್ಬಿ. ಹಿಂದಿನ ದಿನ ಬೆಲ್ಲದಲ್ಲಿ ಉಂಡದ್ದೂ ಈ ದಿನ ಖರ್ಜೂರದಲ್ಲಿ ಉಂಡದ್ದೂ ಒಂದೇ ಪಡಸಾಲೆಯ ಶಾವಿಗೆ. ಆಮೇಲೆ ಚಾ ಬಂತು. ಎರಡು ವರ್ಷದ ಹಿಂದೆ ಬೀದಿ ಬೀದಿ ಅಲೆದು ಸಿಗದ, ಗಟ್ಟಿ ಹಾಲಿನ, ನಿಧಾನಕ್ಕೆ ಇಳಿದ ಡಿಕಾಕ್ಷನ್ನಿನ ಚಾ. ಯಜಮಾನರು “ಫೀಕಾ, ಅರ್ಧ” ಅಂದರು. ಭಾಭಿ ನಕ್ಕು, ಪೂರ್ತಿ ಕಪ್ಪು ಫೀಕಾ ಕೊಟ್ಟರು.

ಹೋಗಬೇಕೆನ್ನುವವರಿಗೆ ನಾನು ಕಲಿತ ಐದು ಮಾತು. ಕೂಕಟ್‌ಪಲ್ಲಿಯನ್ನು ಬೆಳಿಗ್ಗೆ ಐದಕ್ಕೆ ಬಿಡಿ. ಹನ್ನೊಂದರ ಮೇಲೆ ಬಿಸಿಲಿಗೆ ಇಳಿಯಬೇಡಿ. ಹೊರಡುವ ಮೊದಲು ಒಂದಲ್ಲ, ಎರಡು ಪಂಚಾಂಗ ನೋಡಿ. ಏನು ಸ್ಪೆಷಲ್ ಅನ್ನದೆ, ಇವತ್ತು ಏನು ಉಂಡಿರಿ ಅಂತ ಕೇಳಿ. ಮೊದಲ ಚಾ ಬೇಡವೆನ್ನಬೇಡಿ. ಕೊರಿಯಾದ ಚಿಗುರನ್ನು ನಾನು ಹಾಳು ಮಾಡಿದ್ದೂ, ಮೊದಲ ಸಲ ಬೀದರನ್ನು ಹಾಳು ಮಾಡಿಕೊಂಡದ್ದೂ ಒಂದೇ ಕಾರಣಕ್ಕೆ: ಅದರ ದಿನ, ಅದರ ರೀತಿ ಕೇಳದೆ ನನ್ನ ಅಭ್ಯಾಸವನ್ನು ಅದಕ್ಕೆ ಹಾಕಿ ಕುದಿಸಿದೆ.

ಇನ್ನೊಂದು ಮಾತಿದ್ದರೆ ಅದು ದಿನಾಂಕದ್ದು. 2026ರ ಯುಗಾದಿ ಮಾರ್ಚ್ 19ಕ್ಕೆ. ಈದ್ ಅದರ ಬೆನ್ನಿಗೇ. ಆ ಬೇಸಿಗೆಯಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ, ಜೋಡಿ ಬಿಡಿಸಿಬಿಡುತ್ತದೆ. 2027ರಲ್ಲಿ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತದೆ, ಈದ್ ಅದಕ್ಕೆ ಸುಮಾರು ಒಂದು ತಿಂಗಳು ಮುಂಚೆಯೇ ಮುಗಿದಿರುತ್ತದೆ. ಒಂದು ಅಮಾವಾಸ್ಯೆಗೆ ಎರಡು ಶಾವಿಗೆ ಮತ್ತೆ ಕೂಡಿ ಬರುವುದು ಸುಮಾರು ಮೂವತ್ತು ವರ್ಷದ ಮೇಲೆ. ಆಗ ನನಗೆ ಎಂಬತ್ತನಾಲ್ಕಾಗಿರುತ್ತದೆ. ಅಕ್ಕನ ಅಪ್ಪ ಆ ವಯಸ್ಸಿಗೆ ಮಾಳಿಗೆ ಹತ್ತಿದ್ದಾರೆ.